ವೀಜಳಿಯ ಮೃತರು: ಹಾಡಿನ ಲೆಕ್ಕವೂ ಹೆಸರಿನ ಲೆಕ್ಕವೂ

ನೌಕಾಭಂಗವೆಂಬುದು ಕವಿಗಳಿಗೆ ಬಹು ಪ್ರಾಚೀನವಾದ ವಸ್ತು. ಶ್ರೀಹರ್ಷನ ರತ್ನಾವಳಿಯಲ್ಲಿ ಸಿಂಹಳದ ರಾಜಪುತ್ರಿಯು ಬರುತ್ತಿದ್ದ ಹಡಗು ಒಡೆದುಹೋಗುವುದು. ಆಕೆ ಹಲಗೆಯೊಂದನ್ನು ಹಿಡಿದು ತೇಲಿ, ಕೌಶಾಂಬಿಯ ವರ್ತಕನೊಬ್ಬನ ಕಣ್ಣಿಗೆ ಬಿದ್ದು, ಕಡೆಗೆ ಉದಯನನ ಅಂತಃಪುರವನ್ನು ಸೇರುವಳು. ಅಮಾತ್ಯ ವಸುಭೂತಿಯೂ ಕಂಚುಕಿ ಬಾಭ್ರವ್ಯನೂ ಬದುಕಿಕೊಂಡು ನಾಲ್ಕನೆಯ ಅಂಕದಲ್ಲಿ ಕಾಣಿಸಿಕೊಳ್ಳುವರು. ಕಥೆಗೆ ಬೇಕಾದವರೆಲ್ಲರೂ ದಡ ಸೇರಿದಂತಾಯಿತು. ಆ ಹಡಗನ್ನು ನಡೆಸುತ್ತಿದ್ದ ನಾವಿಕರು ಏನಾದರೆಂಬ ಪ್ರಶ್ನೆಗೆ ನಾಟಕದಲ್ಲಿ ಎಡೆಯೇ ಇಲ್ಲ. ಶೃಂಗಾರಪ್ರಧಾನವಾದ ನಾಟಿಕೆಯಲ್ಲಿ ಅದನ್ನು ಕೇಳುವುದು ಅರಸಿಕತನವೆಂದು ಯಾರಾದರೂ ಹೇಳಿದರೆ ಒಪ್ಪಬಹುದು. ಆದರೆ ನಿಜವಾಗಿ ನಡೆದ ನೌಕಾಭಂಗವೊಂದನ್ನು ಕುರಿತು ಹಾಡು, ವಿಲಾಪಕಾವ್ಯ, ಕಾದಂಬರಿ, ಸಂಶೋಧನಗ್ರಂಥ ಇಷ್ಟೂ ಹುಟ್ಟಿರುವಲ್ಲಿ ಸತ್ತವರು ಯಾರೆಂದು ಕೇಳದಿರುವುದು ವಿಮರ್ಶೆಗೆ ಒಪ್ಪತಕ್ಕದ್ದಲ್ಲ. ಗುಜರಾತದ ಕಡಲಿನಲ್ಲಿ 1888ರಲ್ಲಿ ಕಣ್ಮರೆಯಾದ 'ವೈತರಣಾ' ಎಂಬ ಹೊಗೆಹಡಗಿನ ವಿಷಯದಲ್ಲಿ ಈ ಪ್ರಶ್ನೆಯನ್ನು ಕೇಳಬೇಕಾಗಿದೆ.

ಕೆರೆಕುಂಟೆಗಳ ಹೆಸರು ಹೊತ್ತ ಬಾಗಲಗುಂಟೆಯಂತಹ ಊರುಗಳ ವಾಚಕರು, ಗುಜರಾತದ ಹಡಗಿಗೂ ನಮಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವುಂಟು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯು ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿತು. ವೈತರಣೆಯ ವಿಚಾರಣೆ ನಡೆಸಿದ ಸರ್ಕಾರವೇ ಕಾರವಾರದ ಬಂದರನ್ನೂ ಆಳುತ್ತಿದ್ದಿತು. ನಮ್ಮ ಕರಾವಳಿಯ ಜನರೂ ಮುಂಬಯಿಯ ಹಡಗುಗಳಲ್ಲಿ, ಅದೇ ಬಗೆಯ ಚೀಟಿ ಕೊಂಡು, ಅದೇ ಬಗೆಯ ಅಟ್ಟದ ಮೇಲೆ ಗಂಟುಮೂಟೆಗಳ ನಡುವೆ ಕುಳಿತು ಹೋಗುತ್ತಿದ್ದವರೇ.

ಹಡಗಿನ ವೃತ್ತಾಂತವು ಚಿಕ್ಕದು. ಸ್ಕಾಟ್ಲೆಂಡಿನ ಗ್ರೇಂಜ್‌ಮೌತಿನಲ್ಲಿ ಕಟ್ಟಿ 1885ರಲ್ಲಿ ನೀರಿಗಿಳಿಸಿದ ಈ ನೌಕೆಗೆ ಮುಂಬಯಿಯ ಎ. ಜೆ. ಷೆಪರ್ಡ್ ಕಂಪೆನಿಯವರು ಒಡೆಯರು. ಠಾಣೆಯ ಸೀಮೆಯ ವೈತರಣಾ ನದಿಯ ಹೆಸರನ್ನು ಅದಕ್ಕೆ ಇಟ್ಟಿದ್ದರು. ಯಮಪುರಿಯ ಮಾರ್ಗದಲ್ಲಿ ಪ್ರೇತವು ದಾಟಬೇಕಾದ ವೈತರಣಿಯು ನಮ್ಮ ಜನಕ್ಕೆ ನೆನಪಾಗದೆ ಇರದು. ಹೆಸರಿಟ್ಟವರಿಗೆ ಮಾತ್ರ ನೆನಪಾಗಲಿಲ್ಲವೆಂದು ತೋರುವುದು. ವಿದ್ಯುದ್ದೀಪಗಳು ಉರಿಯುತ್ತಿದ್ದುದರಿಂದ ಜನರು ಅದನ್ನು 'ವೀಜಳಿ', ಎಂದರೆ ಮಿಂಚು, ಎಂದು ಕರೆದರು. ಕಚ್ಛದ ಮಾಂಡವಿಯಿಂದ ಮುಂಬಯಿಗೆ ಮೂವತ್ತು ಗಂಟೆಗಳ ಪ್ರಯಾಣ, ಎಂಟು ರೂಪಾಯಿಗಳ ದರ. ಸರ್ವಧಾರಿ ಸಂವತ್ಸರದ ಕಾರ್ತಿಕ ಶುದ್ಧ ಪಂಚಮೀ ಗುರುವಾರ, ಎಂದರೆ 1888ನೆಯ ನವೆಂಬರ್ 8ರಂದು, ಮಾಂಡವಿಯಲ್ಲಿ 520 ಮಂದಿಯನ್ನು ಹತ್ತಿಸಿಕೊಂಡು ಹೊರಟಿತು. ದ್ವಾರಕೆಯಲ್ಲಿ ಮತ್ತಷ್ಟು ಜನ ಸೇರಿ ಪ್ರಯಾಣಿಕರ ಸಂಖ್ಯೆ 703 ಆಯಿತು. ಹವೆ ಕೆಟ್ಟುದರಿಂದ ಪೋರಬಂದರಿನಲ್ಲಿ ನಿಲ್ಲದೆ ಮುಂದೆ ಹೋಯಿತು. ಸಂಜೆ ಮಾಂಗರೋಳದ ಕರೆಯಿಂದ ಕಂಡವರುಂಟು. ಆ ರಾತ್ರಿ ಚಂಡಮಾರುತದಲ್ಲಿ ಹೋದದ್ದು ಹೋಯಿತು. ಬದುಕಿ ಬಂದವರು ಒಬ್ಬರೂ ಇಲ್ಲ. ಹಡಗಿನ ಅವಶೇಷವೂ ದೊರೆಯಲಿಲ್ಲ.

ಈ ಘಟನೆಯಿಂದ ಹುಟ್ಟಿದ ಸಾಹಿತ್ಯವು ಸ್ವಲ್ಪವಲ್ಲ. ಜಾಮನಗರದ ದುರ್ಲಭರಾಯ ಶ್ಯಾಮ ಧ್ರುವರು 'ವೀಜಳಿ ವಿಲಾಪ'ವೆಂಬ ಪದಗಳ ಪುಸ್ತಕವನ್ನು ಪ್ರಕಟಿಸಿದರು; ಭಿಖಾರಾಮ ಸಾವಜಿ ಜೋಶಿಯವರದು ಅದೇ ಹೆಸರಿನ ಇನ್ನೊಂದು ಪುಸ್ತಕ. ಹೆಂಗಸರ ಬಾಯಲ್ಲಿ ನಿಂತ ಹಾಡನ್ನು ಝವೇರಚಂದ ಮೇಘಾಣಿಯವರು ತಮ್ಮ 'ರಢಿಯಾಳಿ ರಾತ' ಸಂಗ್ರಹಕ್ಕೆ ಸೇರಿಸಿದರು. ಗುಣವಂತರಾಯ ಆಚಾರ್ಯರ ಕಾದಂಬರಿಯು 1954ರಲ್ಲಿ ಹೊರಬಂದಿತು. ವೈ. ಎಂ. ಚಿತಲವಾಲಾ ಅವರ ಸಂಶೋಧನಗ್ರಂಥವು ಬಂದುದು 2010ರಲ್ಲಿ. ಎಂದರೆ ವಿಲಾಪವು ಮೊದಲು, ವಿಚಾರವು 122 ವರ್ಷಗಳ ಅನಂತರ. ಇಷ್ಟು ತಡವಾದುದರ ಫಲವು ಎಲ್ಲ ಕಡೆಯೂ ಕಾಣುತ್ತದೆ.

ಕರುಣರಸದ ದೃಷ್ಟಿಯಿಂದ ನೋಡಿದರೆ ಆ ಹಾಡು ಉತ್ತಮವಾದುದೇ. ಶತಮಾನವು ಕಳೆದರೂ ಒಂದು ಪ್ರಾಂತದ ಜನವು ಒಂದು ಹಡಗನ್ನು ಮರೆಯದಿರುವುದು ಅದರಿಂದಲೇ. ಆದರೆ ಹಾಡಿಗೆ ಒಬ್ಬ ನಾಯಕನು ಬೇಕು, ಅವನಲ್ಲಿ ಒಂದು ದೋಷವೂ ಬೇಕು. ಹಾಜಿ ಕಾಸಮನು ಆ ಸ್ಥಾನಕ್ಕೆ ಸಿಕ್ಕಿದನು. ಹಾಡು ಹಡಗನ್ನು ಅವನದೆಂದೇ ಕರೆಯುವುದು. ಕಪ್ತಾನನು ಹಾಜಿ ಕಾಸಮನೋ ಕಾಸಮ್ ಇಬ್ರಾಹಿಮನೋ, ಆ ಹೆಸರಿನವರು ಒಬ್ಬರೋ ಹೆಚ್ಚು ಮಂದಿಯೋ ಎಂಬುದು ಚರ್ಚೆಯ ವಿಷಯವಾಗಿದೆ. ಹಡಗು ಅವನ ಸ್ವತ್ತಲ್ಲವೆಂಬುದು ಮಾತ್ರ ಖಂಡಿತ. ಒಡೆಯರಾದ ಕಂಪೆನಿಯವರ ಹೆಸರು ಜನರ ಬಾಯಲ್ಲಿ ನಿಲ್ಲಲೇ ಇಲ್ಲ. ಪ್ರಾಣರಕ್ಷಣೆಯ ದೋಣಿಗಳೂ ಅಂಗಿಗಳೂ ಸಾಲದಾಗಿದ್ದುವೆಂದು ಮುಂಬಯಿ ಸರ್ಕಾರದ ವಿಚಾರಣೆಯಲ್ಲಿ ಹೊರಬಿದ್ದಿತು. ದೋಣಿ ಸಾಲದಿರುವುದು ಯಾರ ಲೆಕ್ಕದ ಪುಸ್ತಕದಲ್ಲಿ ಉಳಿದ ಹಣವೆಂದು ಹಾಡು ಕೇಳುವುದಿಲ್ಲ. ಕಾಸಮನ ದೈವವನ್ನು ಹಳಿದು ಮುಗಿಸುವುದು.

ಪೋರಬಂದರಿನ ಆಡಳಿತಾಧಿಕಾರಿಯಾಗಿದ್ದ ಲೀಲಿ ಎಂಬ ದೊರೆಯು ಮುಂದೆ ಹೋಗಬೇಡವೆಂದು ಎಚ್ಚರಿಕೆ ಕೊಟ್ಟನೆಂದೂ, ಕಾಸಮನು ಗರ್ವದಿಂದ ಅದನ್ನು ತಳ್ಳಿಹಾಕಿದನೆಂದೂ ಹೇಳುವ ಕಥೆಯು ಇದೇ ಜಾತಿಯದು. ಈಚಿನ ಸಂಶೋಧನೆಯು ಇದನ್ನು ಸಮರ್ಥಿಸುವುದಿಲ್ಲ. ಹಡಗು ಆ ದಿನ ಪೋರಬಂದರಿನಲ್ಲಿ ನಿಲ್ಲಲೇ ಇಲ್ಲವೆಂದ ಮೇಲೆ ಎಚ್ಚರಿಕೆಯನ್ನು ಕೊಟ್ಟವರಾರು, ಕೇಳಿದವರಾರು? ಹಿತವಚನವನ್ನು ಕೇಳದ ಮದಾಂಧನ ಕಥೆಯು ದುರ್ಯೋಧನನ ಕಾಲದಿಂದ ನಮಗೆ ಅಭ್ಯಾಸವಾಗಿದೆ. ಆ ಅಚ್ಚಿನಲ್ಲಿ ಕಾಸಮನನ್ನು ಎರಕ ಹೊಯ್ದರು.

ಇನ್ನು ಸಂಖ್ಯೆ. ದಾಖಲೆಯ ಪ್ರಕಾರ ಪ್ರಯಾಣಿಕರು 703, ಹಡಗಿನವರು 43, ಒಟ್ಟು 746. ಬೇರೆ ಲೆಕ್ಕವೊಂದರಲ್ಲಿ 798. ಹಾಡಿನಲ್ಲಿ 1300. ಹಡಗಿನಲ್ಲಿ ಹದಿಮೂರು ಮದುವೆಯ ದಿಬ್ಬಣಗಳಿದ್ದುವೆಂದೂ ಐತಿಹ್ಯವುಂಟು. ದಿಬ್ಬಣ ಹದಿಮೂರು, ಜನ ಹದಿಮೂರು ನೂರು! ಒಂದೇ ಅಂಕವು ಎರಡು ಬಾರಿ ಬಂದಾಗ ಎಣಿಸಿದವನು ಬಂದರಿನ ಗುಮಾಸ್ತನಾಗಿರದೆ ಹಾಡಿನ ಧಾಟಿಯಾಗಿರಬಹುದೆಂದು ಸಂದೇಹ ಪಡತಕ್ಕದ್ದು. ದಿಬ್ಬಣಗಳ ವಿಷಯದಲ್ಲಿ ಇನ್ನೊಂದು ತೊಡಕುಂಟು. ಅದನ್ನು ಪಂಚಾಂಗವು ತೋರಿಸುವುದು. ಕಾರ್ತಿಕ ಶುದ್ಧ ಪಂಚಮಿಯು ಇನ್ನೂ ಚಾತುರ್ಮಾಸ್ಯದೊಳಗಿನ ದಿನ. ಉತ್ಥಾನ ಏಕಾದಶಿಯು ಕಳೆಯುವ ತನಕ ಹಿಂದೂ ಗೃಹಸ್ಥರಲ್ಲಿ ವಿವಾಹಮುಹೂರ್ತವಿಲ್ಲ. ಮುಂಬಯಿಯಲ್ಲಿ ಅನಂತರ ನಡೆಯತಕ್ಕ ಮದುವೆಗಳಿಗಾಗಿ ಒಂದು ವಾರ ಮುಂಚಿತವಾಗಿ ಹೊರಟಿದ್ದರೆನ್ನಬಹುದು. ಮುಸಲ್ಮಾನರ ದಿಬ್ಬಣಗಳಿಗೆ ಈ ನಿಷೇಧವೂ ಇಲ್ಲ. ಆದುದರಿಂದ ಐತಿಹ್ಯವು ಸುಳ್ಳೆಂದು ಹೇಳಲಾಗದು. ಯಾವ ಊರಿನ ಯಾವ ಮನೆಯ ದಿಬ್ಬಣವೆಂದು ಒಂದೊಂದನ್ನೂ ಗೊತ್ತುಮಾಡಿದಲ್ಲದೆ ಹದಿಮೂರೆಂಬುದನ್ನು ಇತಿಹಾಸದಲ್ಲಿ ಬರೆಯಲೂ ಆಗದು.

ಹಾಗೆಂದು 746ನ್ನು ಕಣ್ಣು ಮುಚ್ಚಿ ನಂಬಬೇಕೆಂದಲ್ಲ. ಚೀಟಿಯ ಲೆಕ್ಕವು ಚೀಟಿಯ ಲೆಕ್ಕವೇ ಹೊರತು ತಲೆಯ ಲೆಕ್ಕವಲ್ಲ. ಮೊಲೆಯುಣ್ಣುವ ಕೂಸಿಗೆ ಯಾವ ಬಂದರಿನಲ್ಲಿ ಚೀಟಿ ಕೊಡುವರು? ಅಧಿಕಾರಿಯ ಅಂಕವು ಕಡಮೆಯ ಕಡೆಗೂ ಹಾಡಿನ ಅಂಕವು ಹೆಚ್ಚಿನ ಕಡೆಗೂ ವಾಲುವುದು ಸಹಜ. ಇವೆರಡರ ನಡುವೆ ಜಗಳ ಹಚ್ಚಿ ತೀರ್ಪು ಹೇಳುವುದರಲ್ಲೇ ಈ ವಿಷಯದ ಬರವಣಿಗೆಯ ಬಹುಭಾಗವು ಕಳೆದುಹೋಗಿದೆ. ಎರಡರ ಕೊರತೆಯೂ ಒಂದೇ: ಎರಡೂ ಅಂಕಗಳು, ಎರಡರಲ್ಲಿಯೂ ಹೆಸರಿಲ್ಲ.

ಹೆಸರು ಬೇಕೆಂಬುದು ಹೊಸ ಕಾಲದ ಹಟವೇನೂ ಅಲ್ಲ. ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರಿನ ಶಿಲಾಲೇಖವನ್ನು ನೋಡಬಹುದು. ಸುಮಾರು 900ನೆಯ ಇಸವಿಯ ಆ ಕಲ್ಲಿನಲ್ಲಿ, ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಕಡೆಯ ಬುಟ್ಟಣಸೆಟ್ಟಿಯು ಮಡಿದನೆಂದಿದೆ. ಬೆಂಗಳೂರೆಂಬ ಊರಿನ ಹೆಸರು ಅಲ್ಲಿದೆಯೆಂದು ಎಲ್ಲರೂ ಕೊಂಡಾಡುವರು. ಊರಿನ ಹೆಸರು ಉಳಿದುದು ಸತ್ತ ಒಬ್ಬನ ಹೆಸರನ್ನು ಉಳಿಸಲು ಹೋದುದರಿಂದ ಎಂಬುದನ್ನು ಗಮನಿಸುವವರು ಕಡಮೆ. ತುರುಗಾಳಗದಲ್ಲಿ ಬಿದ್ದವನಿಗೂ ಕಲ್ಲು ನಿಲ್ಲಿಸಿ ಹೆಸರು ಕೊರೆದ ನಾಡಿದು. ಧರ್ಮಶಾಸ್ತ್ರವಾದರೂ ಏನು ಹೇಳುವುದು? ಶವವು ದೊರೆಯದಿದ್ದರೆ ಮುತ್ತುಗದ ಎಲೆಗಳಿಂದ ಪ್ರತಿಕೃತಿಯನ್ನು ಮಾಡಿ ದಹಿಸಬಹುದು. ಮೃತತಿಥಿ ತಿಳಿಯದಿದ್ದರೆ ಅಮಾವಾಸ್ಯೆಯಂದು ಶ್ರಾದ್ಧವನ್ನು ಮಾಡಬಹುದು. ದೇಹಕ್ಕೂ ದಿನಕ್ಕೂ ಪ್ರತಿನಿಧಿಯುಂಟು. ಹೆಸರಿಗೆ ಬದಲಾಗಿ ಇಡಬಹುದಾದ ವಸ್ತುವನ್ನು ಹುಡುಕುವುದು ಕಷ್ಟ. ವೈತರಣೆಯ ಪಾಲಿಗೆ ತಿಥಿಯು ಗೊತ್ತು, ಸ್ಥಳವು ಹೆಚ್ಚುಕಡಮೆ ಗೊತ್ತು; ಯಾರಿಗೆ ಎಂಬುದೇ ಗೊತ್ತಿಲ್ಲ.

ಆ ಹೆಸರುಗಳನ್ನು ಎಲ್ಲಿ ಹುಡುಕತಕ್ಕದ್ದು? ಹಡಗಿನಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಹೊರಟ ವಿದ್ಯಾರ್ಥಿಗಳು ಅನೇಕರಿದ್ದರೆಂದು ಹೇಳುವರು. ಹುಡುಕಾಟಕ್ಕೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ. ಮದುವೆಗೆ ಹೋಗುವವನ ಹೆಸರನ್ನು ಯಾರೂ ಬರೆದುಕೊಳ್ಳುವುದಿಲ್ಲ; ಪರೀಕ್ಷೆಗೆ ಹೋಗುವ ಹುಡುಗನ ಹೆಸರನ್ನು ಬರೆಯದೆ ಬಿಡುವುದಿಲ್ಲ. ಅವನ ಅರ್ಜಿಯು ಉಪಾಧ್ಯಾಯನ ಕೈಯನ್ನು ದಾಟಿಯೇ ಹೋಗಬೇಕು, ಶುಲ್ಕವನ್ನು ಕಟ್ಟಬೇಕು, ಅವನಿಗೊಂದು ಸಂಖ್ಯೆ ಬರಬೇಕು, ಪರೀಕ್ಷೆಯ ಮಂದಿರದಲ್ಲಿ ಹಾಜರಿ ಕರೆಯಬೇಕು. ಓಗೊಡದ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಬೀಳುವುದು. ಕಚ್ಛ ಕಾಠಿಯಾವಾಡಗಳ ಶಾಲೆಗಳಲ್ಲಿ ಹಳೆಯ ದಾಖಲೆ ಪುಸ್ತಕಗಳು ಎಲ್ಲಿಯಾದರೂ ಉಳಿದಿದ್ದರೆ, 1888ರ ಕಡೆಯ ತಿಂಗಳುಗಳಲ್ಲಿ ಕಾರಣವಿಲ್ಲದೆ ನಿಂತುಹೋದ ಹೆಸರುಗಳನ್ನು ಮುಂಬಯಿಯ ಗೈರುಹಾಜರಿಯೊಡನೆ ಹೋಲಿಸಿ ನೋಡಬಹುದು. ವಿಲಾಪಕಾರರಲ್ಲಿ ಯಾರಿಗೂ ಈ ಪುಸ್ತಕಗಳು ಕಾವ್ಯಸಾಮಗ್ರಿಯಾಗಿ ತೋರಲಿಲ್ಲ. ಆದರೆ ಆ ಒಂದು ಗೈರುಹಾಜರಿಯ ಗುರುತಿನಲ್ಲಿರುವಷ್ಟು ಕರುಣವು ಉಪಮೆಗಳಿಂದ ತುಂಬಿದ ಹತ್ತು ಪದ್ಯಗಳಲ್ಲಿ ಸಿಕ್ಕುವುದೋ ಇಲ್ಲವೋ.

ದ್ವಾರಕೆಯಲ್ಲಿ ಹತ್ತಿದವರೊಳಗೆ ಯಾತ್ರಿಕರೂ ಇದ್ದಿರಬೇಕು. ತೀರ್ಥಪುರೋಹಿತರು ಯಜಮಾನನ ಊರು, ಕುಲ, ತಂದೆ, ತಾತ ಎಲ್ಲವನ್ನೂ ವಹಿಯಲ್ಲಿ ಬರೆದಿಡುವರೆಂಬುದನ್ನು ಕಾಶಿಗೆ ಹೋಗಿ ಬಂದ ಕನ್ನಡಿಗರೂ ಬಲ್ಲರು. ಗುಜರಾತದ ವಹೀವಂಚರೆಂಬ ಬಾರೋಟರು ಮನೆತನಗಳ ವಂಶಾವಳಿಯನ್ನು ತಲೆತಲಾಂತರವಾಗಿ ಬರೆದುಕೊಂಡು ಬಂದವರು. ಒಂದೇ ದಿನ ಮೂರು ತಲೆಮಾರು ಕೊನೆಗೊಂಡ ಮನೆಯಿದ್ದರೆ ಅವರ ವಹಿಯಲ್ಲಿ ಅದು ತಿಳಿಯಬೇಕು. ಸಾಹುಕಾರರ ಖಾತೆಗಳಲ್ಲಿ ತೀರದೆ ನಿಂತ ಸಾಲಗಳೂ ಸಾಕ್ಷಿ ಹೇಳಿಯಾವು. ಹಡಗಿನ 43 ಮಂದಿಯ ವಿಷಯವೇ ಎಲ್ಲಕ್ಕಿಂತ ಕಷ್ಟ. 1912ರ ಟೈಟಾನಿಕ್ ಹಡಗಿನಲ್ಲಿ ಸತ್ತವರು 1500ಕ್ಕೂ ಹೆಚ್ಚು. ಅವರಲ್ಲಿ ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದವರ ಹೆಸರುಗಳೂ ಇಂದು ದೊರೆಯುತ್ತವೆ. ಕೆಲಸಕ್ಕೆ ಸೇರುವಾಗ ಅವರು ರುಜುಮಾಡಿದ ಕರಾರುಪತ್ರಗಳು ಉಳಿದಿವೆ. ಅದಕ್ಕೆ 24 ವರ್ಷಗಳ ಹಿಂದೆ ಹೋದ ವೈತರಣೆಯನ್ನು 'ಗುಜರಾತದ ಟೈಟಾನಿಕ್' ಎಂದು ಕರೆಯುವುದು ಈಗ ವಾಡಿಕೆಯಾಗಿದೆ. ಹೆಸರಿನ ಪಟ್ಟಿಯ ದೃಷ್ಟಿಯಿಂದ ಈ ಹೋಲಿಕೆಯು ಸಲ್ಲುವುದಿಲ್ಲ.

ನಮ್ಮ ಕರಾವಳಿಯ ಇತಿಹಾಸವೂ ಇದಕ್ಕಿಂತ ಉತ್ತಮವಾಗಿಲ್ಲ. 1786ರಲ್ಲಿ ಟಿಪ್ಪೂ ಸುಲ್ತಾನನು ಕಾನ್‌ಸ್ಟಾಂಟಿನೋಪಲಿಗೆ ಕಳುಹಿಸಿದ ರಾಯಭಾರವು ತದಡಿಯ ಬಂದರಿನಿಂದ ಹೊರಟಿತು. ಸುಮಾರು 900 ಮಂದಿ ಹೋದರು. ಹಡಗುಗಳ ನಾಶದಿಂದಲೂ ಪ್ಲೇಗಿನಿಂದಲೂ ಬಹುಮಂದಿ ಸತ್ತು, ಮರಳಿದವರು ಕೆಲವರೇ. ಜೊತೆಯಲ್ಲಿದ್ದ ಖ್ವಾಜಾ ಅಬ್ದುಲ್ ಖಾದಿರನ ಪಾರಸೀ ದಿನಚರಿಯನ್ನು ಮೊಹಿಬ್ಬುಲ್ ಹಸನರು 1968ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಚರಿತ್ರೆಯ ಪುಸ್ತಕಗಳಲ್ಲಿ ಗುಲಾಮ್ ಅಲಿಖಾನ್ ಮೊದಲಾದ ರಾಯಭಾರಿಗಳ ಹೆಸರುಗಳು ಬರುತ್ತವೆ, ಫಖ್ರುಲ್ ಮರಾಕಿಬ್, ನಬೀಬಕ್ಷ್ ಎಂದು ಹಡಗುಗಳ ಹೆಸರುಗಳೂ ಬರುತ್ತವೆ, ಕೊಂಡೊಯ್ದ ಆನೆಗಳ ಮಾತೂ ಬರುತ್ತದೆ. ಖಲಾಸಿಗಳು 'ಉಳಿದವರು' ಎಂಬ ಒಂದು ಶಬ್ದದಲ್ಲಿ ಅಡಗಿರುವರು. ಅವರಲ್ಲಿ ತದಡಿ, ಮಿರ್ಜಾನ, ಹೊನ್ನಾವರಗಳ ಮನೆಗಳವರು ಯಾರಿದ್ದರೆಂದು ವಿಚಾರಿಸುವ ಕನ್ನಡ ಗ್ರಂಥವೊಂದು ಬರುವುದಾದರೆ ಅದು ಇನ್ನೊಂದು ರಾಜಚರಿತ್ರೆಗಿಂತ ಹೆಚ್ಚು ಪ್ರಯೋಜನಕರವಾದೀತು.

ಹೆಸರಿಗಿರುವ ಬಲವೆಷ್ಟೆಂಬುದು 2018ರ ಡಿಸೆಂಬರಿನಲ್ಲಿ ಕಂಡುಬಂದಿತು. ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ'ವೆಂಬ ಮೀನುಗಾರಿಕೆಯ ದೋಣಿಯು ಏಳು ಮಂದಿಯೊಡನೆ ಕಾಣೆಯಾಯಿತು. ಏಳು ಮನೆಗಳಿಗೂ ತಮ್ಮವನ ಹೆಸರು ಹಿಡಿದು ಕೇಳಲು ಸಾಧ್ಯವಾಯಿತು. ಮೊಗವೀರರು ಸಾವಿರಗಟ್ಟಲೆಯಾಗಿ ಬೀದಿಗಿಳಿದರು. ನೌಕಾದಳವು ಹುಡುಕಿ 2019ರ ಮೇ ತಿಂಗಳಲ್ಲಿ ಮಾಲವಣದ ಸಮೀಪದ ಕಡಲ ತಳದಲ್ಲಿ ದೋಣಿಯನ್ನು ಕಂಡುಹಿಡಿಯಿತು. ಅದೇ ವರ್ಷದ ಜನವರಿ 21ರಂದು ಕಾರವಾರದ ಎದುರಿನ ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿಯು ಮಗುಚಿ 16 ಮಂದಿ ಸತ್ತರು. ಜಾತ್ರೆಯ ದೋಣಿಗೆ ಹತ್ತುವವರ ಹೆಸರನ್ನು ಕೇಳಿ ಬರೆದುಕೊಳ್ಳುವ ಪದ್ಧತಿಯು ಎಲ್ಲಿಯೂ ಬಲವಾಗಿಲ್ಲ. ಅಂತಹ ದೋಣಿ ಮುಳುಗಿದಾಗ ಎಷ್ಟು ಮಂದಿಯನ್ನು ಹುಡುಕಬೇಕೆಂಬುದನ್ನು ದಡದಲ್ಲಿ ಅಳುವವರನ್ನು ಕೇಳಿಯೇ ತಿಳಿಯಬೇಕಾಗುವುದು. 1888ರ ಮಾಂಡವಿಯಲ್ಲಿಯೂ ಬೇರೆ ಉಪಾಯವಿರಲಿಲ್ಲ.

ಮೇಘಾಣಿಯವರ ಸಂಗ್ರಹದ ಆ ಹಾಡನ್ನು ಕನ್ನಡಿಸುವವರು ಬಂದರೆ ಸಂತೋಷವೇ. ಅವರು ಹಾಡಿನ ಹದಿಮೂರು ನೂರನ್ನು ತಿದ್ದಿ 746 ಎಂದು ಬರೆಯಕೂಡದು. ಹಾಡು ಹಾಡಾಗಿಯೇ ಇರಲಿ. ಅಡಿಟಿಪ್ಪಣಿಯಲ್ಲಿ ಹಡಗಿನ ಒಡೆಯರು ಯಾರೆಂಬುದನ್ನೂ, ವಿಚಾರಣೆಯಲ್ಲಿ ದೋಣಿಗಳ ವಿಷಯವಾಗಿ ಏನು ತಿಳಿದುಬಂದಿತೆಂಬುದನ್ನೂ ಕೊಟ್ಟು, ಅಷ್ಟರೊಳಗೆ ಯಾವುದಾದರೊಂದು ಶಾಲೆಯ ಹಳೆಯ ಪುಸ್ತಕದಿಂದ ಹುಡುಗರ ಹೆಸರುಗಳು ನಾಲ್ಕಾದರೂ ದೊರೆತಿದ್ದರೆ ಅವನ್ನು ಊರಿನೊಡನೆ, ತಂದೆಯ ಹೆಸರಿನೊಡನೆ, ಪೂರ್ಣವಾಗಿ ಅಚ್ಚುಮಾಡಬೇಕು.