ದತ್ತವೂ ನ್ಯಾಸವೂ

ಪ್ರೋಷಿತಭರ್ತೃಕೆಯೆಂಬ ನಾಯಿಕೆಯು ಅಲಂಕಾರಶಾಸ್ತ್ರವನ್ನು ಅಭ್ಯಾಸಮಾಡಿದವರಿಗೆಲ್ಲ ಚಿರಪರಿಚಿತಳು. ಗಂಡನು ಕಾರ್ಯಾರ್ಥವಾಗಿ ದೇಶಾಂತರಕ್ಕೆ ಹೋಗಿರುವಾಗ ಆಕೆಯು ಕೃಶಳಾಗುವುದನ್ನೂ, ಮುಡಿಯನ್ನು ಸಿಂಗರಿಸದೆ ಬಿಡುವುದನ್ನೂ, ಅವಧಿಯ ದಿನಗಳನ್ನು ಎಣಿಸುವುದನ್ನೂ ಕವಿಗಳು ನಾನಾ ಬಗೆಯಾಗಿ ವರ್ಣಿಸಿದ್ದಾರೆ. ಆದರೆ ಆಕೆಯ ಮಡಿಲಲ್ಲಿ ಮಗುವೊಂದಿದ್ದರೆ ಅದರ ಗತಿಯೇನು, ತಂದೆಯು ಮರಳುವವರೆಗೆ ಅದರ ಪರವಾಗಿ ಮಾತನಾಡುವ ಅಧಿಕಾರವು ಯಾರದು ಎಂಬ ಪ್ರಶ್ನೆಗೆ ಲಕ್ಷಣಗ್ರಂಥಗಳಲ್ಲಿ ಸ್ಥಳವಿಲ್ಲ. ಶೃಂಗಾರಕ್ಕೆ ಅಂಗವಲ್ಲದ ವಿಷಯವನ್ನು ಲಕ್ಷಣಕಾರರು ಬಿಟ್ಟರೆಂದು ಅವರನ್ನು ದೂಷಿಸಬೇಕಾದುದೂ ಇಲ್ಲ. ವಿಚಾರಣೀಯವಾದ ಸಂಗತಿಯೆಂದರೆ, ಅದೇ 'ಪ್ರೋಷಿತ' ಶಬ್ದವನ್ನು ಬಳಸಿ ಆ ತಾಯಿಯ ಅಧಿಕಾರವನ್ನು ಹೇಳಿದ ಧರ್ಮಶಾಸ್ತ್ರಕಾರನೊಬ್ಬನು ಕನ್ನಡನಾಡಿನಲ್ಲಿಯೇ ಇದ್ದನು.

ಆತನು ವಿಜ್ಞಾನೇಶ್ವರ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು (1076–1126) ಆಳುತ್ತಿದ್ದಾಗ ಆತನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ಭಾರತದ ಬಹುಭಾಗದಲ್ಲಿ ಹಿಂದೂ ನ್ಯಾಯಕ್ಕೆ ಆಧಾರವಾಯಿತು. ದತ್ತಕಪುತ್ರನನ್ನು ಕುರಿತ ಭಾಗದಲ್ಲಿ, ತಾಯಿಯು ಮಗನನ್ನು ಕೊಡಬಹುದಾದ ಸಂದರ್ಭಗಳನ್ನು ಹೇಳುತ್ತ ಆತನು ಗಂಡನ ಅನುಮತಿಯಿದ್ದಾಗ, ಗಂಡನು ಪ್ರೋಷಿತನಾಗಿದ್ದಾಗ, ಗಂಡನು ಪ್ರೇತನಾದಾಗ ಎಂದು ವಿಂಗಡಿಸುತ್ತಾನೆ. ದೂರವಾದವನೂ ತೀರಿಹೋದವನೂ ಬೇರೆಬೇರೆ. ಎರಡು ಸಂದರ್ಭಗಳಲ್ಲಿಯೂ ತಾಯಿಗೆ ಅಧಿಕಾರವುಂಟು. ಈ ಮಾತು ಪಾಲನೆಯನ್ನು ಕುರಿತುದಲ್ಲ, ದಾನವನ್ನು ಕುರಿತುದು ಎಂದು ಆಕ್ಷೇಪಿಸಬಹುದು. ಆದರೆ ಮಗನನ್ನು ಶಾಶ್ವತವಾಗಿ ಕೊಟ್ಟುಬಿಡುವ ಅಧಿಕಾರವೇ ಇರುವಲ್ಲಿ, ಅವನನ್ನು ಕೆಲವು ಕಾಲ ಒಬ್ಬರ ವಶದಲ್ಲಿಡುವ ಅಧಿಕಾರವಿರುವುದು ಕೈಮುತಿಕನ್ಯಾಯದಿಂದಲೇ ಸಿದ್ಧವಾಗುತ್ತದೆ.

ಹೀಗೆ ಕೊಟ್ಟುಬಿಡುವುದು ದತ್ತ. ಹಿಂದಕ್ಕೆ ಪಡೆಯುವ ಒಡಂಬಡಿಕೆಯಿಂದ ಒಪ್ಪಿಸುವುದು ನ್ಯಾಸ. ಸಾಕುಮಕ್ಕಳ ಕಥೆಗಳನ್ನು ವಿಮರ್ಶಿಸುವವರು ಈ ಭೇದವನ್ನು ಗಮನಿಸದೆ ಕರ್ಣ, ಕೃಷ್ಣ, ಶಕುಂತಲೆ, ಚಂದ್ರಹಾಸ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದುಂಟು. ಕರ್ಣನನ್ನು ಕುಂತಿಯು ಯಾರಿಗೂ ಒಪ್ಪಿಸಲಿಲ್ಲ, ನೀರಿಗೆ ಬಿಟ್ಟಳು. ಲಕ್ಷ್ಮೀಶನ ಚಂದ್ರಹಾಸನಿಗೆ ತಂದೆತಾಯಿಗಳೂ ಇಲ್ಲ, ಎತ್ತಿಕೊಂಡು ಬಂದ ದಾದಿಯೂ ಉಳಿಯಲಿಲ್ಲ. ಒಪ್ಪಿಸುವವರೇ ಇಲ್ಲದ ಮಗುವಾದುದರಿಂದಲೇ ಅವನು ದುಷ್ಟಬುದ್ಧಿಯ ಕೈಗೆ ಸುಲಭವಾಗಿ ಸಿಕ್ಕಿದನು. ಕೃಷ್ಣನ ಕಥೆ ಬೇರೆ. ತಂದೆತಾಯಿಗಳು ಬದುಕಿದ್ದಾರೆ, ಸೆರೆಯಲ್ಲಿದ್ದಾರೆ. ತಂದೆಯೇ ಮಗುವನ್ನು ಹೊತ್ತು ನದಿಯನ್ನು ದಾಟಿ ಇನ್ನೊಂದು ಮನೆಯಲ್ಲಿಡುತ್ತಾನೆ. ಅದು ನಿಜವಾಗಿ ನ್ಯಾಸ. ಆದರೆ ಇಟ್ಟುಕೊಂಡ ಯಶೋದೆಗೆ ಅದು ನ್ಯಾಸವೆಂಬುದೇ ತಿಳಿಯದು. ಮಗನು ಮಧುರೆಗೆ ಹೊರಟಾಗ ಗೋಕುಲದ ದುಃಖವು ಅಷ್ಟು ತೀವ್ರವಾಗುವುದಕ್ಕೆ ಈ ಅರಿಯದಿರುವಿಕೆಯೂ ಒಂದು ಕಾರಣ.

ಎಲ್ಲವನ್ನೂ ತಿಳಿದು ಸಾಕಿದವನು ಕಣ್ವ. ಶಾಕುಂತಲವನ್ನು ಈ ದೃಷ್ಟಿಯಿಂದ ಓದಿದರೆ ನಾಟಕದ ಕಟ್ಟೆಲ್ಲ ಪಾಲಕನ ಗೈರುಹಾಜರಿಯ ಮೇಲೆ ನಿಂತಿರುವುದು ಕಾಣುತ್ತದೆ. ದುಷ್ಯಂತನು ಆಶ್ರಮವನ್ನು ಹೊಕ್ಕಾಗ ಕಣ್ವನು ಸೋಮತೀರ್ಥಕ್ಕೆ ಹೋಗಿದ್ದಾನೆ. ಅಂದರೆ ಪಾಲಕನೇ ಪ್ರೋಷಿತನು. ಅತಿಥಿಸತ್ಕಾರದ ಭಾರವನ್ನು ಮಗಳಿಗೆ ವಹಿಸಿದ್ದಾನೆ, ಮಗಳ ಭಾರವನ್ನು ಸ್ಪಷ್ಟವಾಗಿ ಯಾರಿಗೂ ವಹಿಸಿದಂತಿಲ್ಲ. ಗೌತಮಿಯಿದ್ದಾಳೆ, ಸಖಿಯರಿದ್ದಾರೆ, ಸಮ್ಮತಿಯನ್ನು ಕೊಡಬಲ್ಲವರು ಯಾರೂ ಇಲ್ಲ. ಗಾಂಧರ್ವವಿವಾಹಕ್ಕೆ ಸಾಕ್ಷಿಯಿಲ್ಲದೆ ಹೋದುದು ಆ ಎಡೆಯಲ್ಲಿಯೇ. ದೂರ್ವಾಸನ ಶಾಪವನ್ನು ಕುರಿತು ಪುಟಗಟ್ಟಲೆ ಬರೆದಿರುವ ವಿಮರ್ಶಕರು ಈ ಲೌಕಿಕಕಾರಣಕ್ಕೆ ಒಂದು ವಾಕ್ಯವನ್ನಾದರೂ ಮೀಸಲಿಡಬಹುದಾಗಿತ್ತು. ನಾಲ್ಕನೆಯ ಅಂಕದ ಕೊನೆಯಲ್ಲಿ, ಮಗಳನ್ನು ಕಳುಹಿಸಿದ ಕಣ್ವನು ತನ್ನ ಮನಸ್ಸಿನ ನಿರಾಳತೆಯನ್ನು ನ್ಯಾಸವನ್ನು ಹಿಂದಿರುಗಿಸಿದವನ ನೆಮ್ಮದಿಗೆ ಹೋಲಿಸುತ್ತಾನೆ. ಇದು ಉಪಮೆ ಮಾತ್ರವೆಂದು ದಾಟಿಹೋಗುವಂತಿಲ್ಲ. ವ್ಯವಹಾರಶಾಸ್ತ್ರದ ಪಾರಿಭಾಷಿಕಶಬ್ದವನ್ನು ಕವಿಯು ಬೇಕೆಂದೇ ಆರಿಸಿದ್ದಾನೆ.

ಏಳನೆಯ ಅಂಕದಲ್ಲಿ ಸರ್ವದಮನನ ರಕ್ಷೆಯ ಪ್ರಸಂಗವು ಇದಕ್ಕೆ ಪೂರಕ. ಮಾರೀಚನು ಕಟ್ಟಿದ ಆ ಮೂಲಿಕೆಯು ನೆಲಕ್ಕೆ ಬಿದ್ದರೆ ತಂದೆ, ತಾಯಿ ಅಥವಾ ಮಗುವೇ ಎತ್ತಿಕೊಳ್ಳಬೇಕು. ಬೇರೆಯವರು ಮುಟ್ಟಿದರೆ ಅದು ಹಾವಾಗಿ ಕಚ್ಚುತ್ತದೆ. ಹಗಲಿರುಳು ಆ ಮಗುವನ್ನು ನೋಡಿಕೊಂಡ ತಾಪಸಿಯರಿಗೆ ಸಹ ಆ ಅಧಿಕಾರವಿಲ್ಲ. ಸಾಕುವವರ ಪ್ರೀತಿಗೆ ಆಶ್ರಮವು ತುಂಬ ಅವಕಾಶ ಕೊಟ್ಟಿದೆ, ದೂರದಲ್ಲಿರುವ ತಂದೆಯ ಸ್ಥಾನವನ್ನು ಮಾತ್ರ ತುಂಬಿಸದೆ ಕಾದಿರಿಸಿದೆ. ದುಷ್ಯಂತನು ಬಗ್ಗಿ ಅದನ್ನೆತ್ತಿಕೊಂಡಾಗ ತಾಪಸಿಯರು ಬೆರಗಾಗುವುದು ಆ ಕಾದಿರಿಸಿದ ಸ್ಥಾನಕ್ಕೆ ಒಡೆಯನು ಬಂದನೆಂದು.

ಈ ನಾಟಕವನ್ನು ಕನ್ನಡಿಸಿ 'ಅಭಿನವ ಕಾಳಿದಾಸ'ರೆನಿಸಿದ ಬಸವಪ್ಪಶಾಸ್ತ್ರಿಗಳು ಮೈಸೂರಿನ ಅರಮನೆಯಲ್ಲಿ ಚಾಮರಾಜೇಂದ್ರ ಒಡೆಯರಿಗೆ ಕನ್ನಡವನ್ನು ಕಲಿಸಿದವರು ಎಂಬುದನ್ನು ಇಲ್ಲಿ ನೆನೆಯಬೇಕು. ಆ ಶಿಷ್ಯನ ಬಾಲ್ಯವೇ ದತ್ತನ್ಯಾಸಗಳೆರಡಕ್ಕೂ ಉದಾಹರಣೆ. 1863ರಲ್ಲಿ ಹುಟ್ಟಿದ ಆತನನ್ನು 1865ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ದತ್ತು ತೆಗೆದುಕೊಂಡರು. 1868ರ ಮಾರ್ಚಿಯಲ್ಲಿ ಆ ತಂದೆಯೂ ತೀರಿಕೊಂಡ ಮೇಲೆ ಐದು ವರ್ಷದ ಬಾಲಕನ ಶಿಕ್ಷಣವು ಕರ್ನಲ್ ಮಾಲೆಸನ್ ಮೊದಲಾದ ಆಂಗ್ಲ ಪಾಲಕರಿಗೆ ಸೇರಿತು. 1831ರಿಂದಲೇ ಕಮಿಷನರುಗಳ ಕೈಯಲ್ಲಿದ್ದ ರಾಜ್ಯವು ಅವರಲ್ಲಿಯೇ ಉಳಿಯಿತು. 1881ರ ಮಾರ್ಚಿ 25ರಂದು, ಆತನಿಗೆ ಹದಿನೆಂಟು ತುಂಬಿದ ಬಳಿಕ, ರಾಜ್ಯವನ್ನು ಒಪ್ಪಿಸಲಾಯಿತು. ಆ ಘಟನೆಗೆ ಇತಿಹಾಸದಲ್ಲಿ 'ರೆಂಡಿಷನ್' ಎಂದು ಹೆಸರು. ಹಿಂದಕ್ಕೆ ಕೊಡುವುದೆಂದೇ ಅದರ ಅರ್ಥ. ಕಣ್ವನ ಉಪಮೆಯನ್ನು ಕನ್ನಡಕ್ಕೆ ತಂದ ಗುರುವಿಗೆ ಅದು ಕೇವಲ ಪುಸ್ತಕದ ಮಾತಾಗಿದ್ದಿತೆಂದು ನಂಬುವುದು ಕಷ್ಟ.

ಹಿಂದಿರುಗಿಸುವುದು ಯಾವಾಗಲೂ ಇಷ್ಟು ಸುಗಮವಲ್ಲ. 1799ರಲ್ಲಿ ಐದು ವರ್ಷದ ಮುಮ್ಮಡಿಯವರು ಪಟ್ಟವೇರಿದಾಗ ಅಂತಃಪುರದಲ್ಲಿ ಲಕ್ಷ್ಮಮ್ಮಣ್ಣಿಯವರೂ ಆಡಳಿತದಲ್ಲಿ ದಿವಾನ್ ಪೂರ್ಣಯ್ಯನವರೂ ಇದ್ದರು. ಪೂರ್ಣಯ್ಯನವರು ಅಧಿಕಾರವನ್ನು ಬಿಟ್ಟುದು 1811ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಮಹಾರಾಜರಿಗೆ ಹದಿನೇಳು ಕಳೆದಿತ್ತು. ಸ್ಮೃತಿಕಾರನಾದ ನಾರದನು ಬಾಲ್ಯಕ್ಕೆ ಹದಿನಾರನ್ನು ಎಲ್ಲೆಯಾಗಿಡುತ್ತಾನೆ. ಶಾಮಶಾಸ್ತ್ರಿಗಳು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದ ತಾಳೆಯೋಲೆಗಳಿಂದ ಬೆಳಕಿಗೆ ತಂದು 1909ರಲ್ಲಿ ಅಚ್ಚುಹಾಕಿಸಿದ ಅರ್ಥಶಾಸ್ತ್ರವೂ ಬಾಲಕನ ಸೊತ್ತನ್ನು ಗ್ರಾಮವೃದ್ಧರು ಬೆಳೆಸಬೇಕೆಂದು ಹೇಳುವಾಗ ಅವನು ವ್ಯವಹಾರಯೋಗ್ಯನಾಗುವವರೆಗೆ ಎಂದು ಅವಧಿಯನ್ನು ಕಟ್ಟುತ್ತದೆ. ಅವಧಿಯಿಲ್ಲದ ನ್ಯಾಸವು ನ್ಯಾಸವೇ ಅಲ್ಲ. 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರರು ಕಲ್ಕತ್ತೆಯಲ್ಲಿ ನಿಧನರಾದಾಗ ಹತ್ತು ವರ್ಷದ ನಾಲ್ವಡಿಯವರ ಪರವಾಗಿ ತಾಯಿ ವಾಣೀವಿಲಾಸ ಸನ್ನಿಧಾನದವರೇ ರೀಜೆಂಟರಾದರು. 1902ರ ಆಗಸ್ಟ್ 8ರಂದು ಜಗನ್ಮೋಹನ ಅರಮನೆಯಲ್ಲಿ ಮಗನು ಅಧಿಕಾರವನ್ನು ವಹಿಸಿಕೊಂಡನು.

ರಾಜ್ಯವನ್ನೇ ತಾಯಿಗೆ ಒಪ್ಪಿಸಿದ ಕಾಲವೊಂದಿತ್ತು. ಸಾಮಾನ್ಯಗೃಹಸ್ಥರ ತಾಯಿಗೆ ಮಗುವಿನ ಪರವಾದ ಸಹಿಯೂ ಕಷ್ಟವಾದುದು ಒಂದು ಶಬ್ದದಿಂದ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವದ ಅಧಿನಿಯಮವು ಸಹಜಪಾಲಕನು ತಂದೆ, 'ಅವನ ತರುವಾಯ' ತಾಯಿ ಎಂದಿತು. ತರುವಾಯ ಎಂದರೆ ಮರಣಾನಂತರವೆಂದೇ ಲೋಕರೂಢಿಯಾಯಿತು. ವಿಜ್ಞಾನೇಶ್ವರನ ಎರಡು ಶಬ್ದಗಳಲ್ಲಿ ಪ್ರೇತನು ಉಳಿದನು, ಪ್ರೋಷಿತನು ಬಿದ್ದುಹೋದನು. ಕಾದಂಬರಿಕಾರ್ತಿ ಗೀತಾ ಹರಿಹರನ್ ಅವರು ಮಗನ ಹೆಸರಿನಲ್ಲಿ ಬಾಂಡುಗಳನ್ನು ಕೊಳ್ಳಲು ತಾವೇ ಪಾಲಕಿಯೆಂದು ಸಹಿಮಾಡಿದಾಗ ರಿಸರ್ವ್ ಬ್ಯಾಂಕು ತಂದೆಯ ಸಹಿಯನ್ನು ಕೇಳಿತು. ಸರ್ವೋಚ್ಚ ನ್ಯಾಯಾಲಯವು 1999ರ ಫೆಬ್ರವರಿಯಲ್ಲಿ ಆ ಶಬ್ದಕ್ಕೆ 'ಅವನಿಲ್ಲದಾಗ' ಎಂದು ಅರ್ಥಮಾಡಿತು: ತಂದೆಯು ದೂರದ ಊರಿನಲ್ಲಿದ್ದರೂ, ರೋಗದಿಂದ ಅಶಕ್ತನಾಗಿದ್ದರೂ, ಮಗುವನ್ನು ಪೂರ್ತಿಯಾಗಿ ಉದಾಸೀನಮಾಡಿದ್ದರೂ ತಾಯಿಯೇ ಪಾಲಕಿ. ಒಂದು ಅವ್ಯಯದ ವ್ಯಾಖ್ಯಾನದಿಂದ ಇಷ್ಟಾಯಿತು. ತೀರ್ಪಿನಲ್ಲಿ ಹೊಸತೆಂದು ತೋರುವುದು ಕಲ್ಯಾಣದ ವ್ಯಾಖ್ಯಾನಕಾರನಿಗೆ ಹಳತೇ ಆಗಿದ್ದೀತು.

ತಂದೆತಾಯಿಗಳಿಬ್ಬರೂ ದೂರವಿರುವಲ್ಲಿ ಈ ವ್ಯಾಖ್ಯಾನವೂ ಸಾಲದು. ಮೈಸೂರಿನ ಅಗ್ರಹಾರದಲ್ಲಿ ಅಜ್ಜಿಯೊಬ್ಬಳು ಪರದೇಶಕ್ಕೆ ಹೋದ ಮಗಳ ಮಗುವನ್ನು ಸಾಕುತ್ತಿದ್ದರೆ ಆಕೆಯು ಸಹಜಪಾಲಕಿಯಲ್ಲ. 1956ರ ಅಧಿನಿಯಮದ 11ನೆಯ ಪ್ರಕರಣದಂತೆ, ವಸ್ತುತಃ ಪಾಲಕರು ಎಂಬ ಕಾರಣಮಾತ್ರದಿಂದ ಮಗುವಿನ ಸೊತ್ತನ್ನು ಯಾರೂ ವಿಲೇವಾರಿ ಮಾಡುವಂತಿಲ್ಲ. 1890ರ ಪಾಲಕರ ಮತ್ತು ಪಾಲ್ಯರ ಅಧಿನಿಯಮದಂತೆ ನ್ಯಾಯಾಲಯಕ್ಕೆ ಅರ್ಜಿಯನ್ನು ಕೊಡಬೇಕು. ಆ ಹಳೆಯ ಅಧಿನಿಯಮದ 41ನೆಯ ಪ್ರಕರಣವು, ಅನರ್ಹನಾಗಿದ್ದ ತಂದೆಯು ಮರಳಿ ಅರ್ಹನಾದರೆ ಮಗುವಿನ ಮೇಲಿನ ಪಾಲಕನ ಅಧಿಕಾರವು ಮುಗಿಯುವುದೆಂದು ಹೇಳುತ್ತದೆ. ವಿದೇಶಿ ಶಾಸನಕಾರರು ಬರೆದುದಾದರೂ ನ್ಯಾಸದ ಲಕ್ಷಣವು ಅಲ್ಲಿ ಸ್ಪಷ್ಟವಾಗಿದೆ.

ಇಷ್ಟನ್ನೂ ಹೇಳಬಲ್ಲ ಕನ್ನಡ ಪದಗಳು ಕಚೇರಿಯ ಕಾಗದದಲ್ಲಿ ಸೊರಗಿವೆ. ಶಾಲೆಯ ಅರ್ಜಿಯಲ್ಲಿ 'ಪೋಷಕರ ಸಹಿ' ಎಂದರೆ ಹೆತ್ತವರೂ ಆದರು, ಸಾಕುವವರೂ ಆದರು. ಉತ್ತರ ಕರ್ನಾಟಕದಲ್ಲಿ 'ಪಾಲಕರು' ಎಂಬುದಕ್ಕೂ ಇದೇ ಗತಿ. ಹೊಸ ಸಂಸ್ಕೃತ ಸಮಾಸವನ್ನು ಕಟ್ಟುವುದಕ್ಕಿಂತ ನ್ಯಾಯಾಲಯದ ಕನ್ನಡದಲ್ಲಿಯೇ ಇರುವ 'ಸುಪರ್ದು' ಎಂಬ ಪಾರಸೀ ಮಾತನ್ನು ಎತ್ತಿಹಿಡಿಯುವುದು ಲೇಸು. ಒಪ್ಪಿಸಿದ್ದು ಎಂದೇ ಅದರ ಮೂಲಾರ್ಥ. ಮಗುವು ಅಜ್ಜಿಯ ಸುಪರ್ದಿನಲ್ಲಿದೆ ಎಂದು ಬರೆದೊಡನೆ, ಒಪ್ಪಿಸಿದವರು ಯಾರು, ಎಷ್ಟು ಕಾಲಕ್ಕೆ ಎಂಬ ಎರಡು ಕಾಲಂಗಳನ್ನು ಗುಮಾಸ್ತನು ಬಿಡಿಸಲೇಬೇಕಾಗುತ್ತದೆ.