ಆಧಾರಗಳ ಸಂಖ್ಯೆ ಸಾಕೆ? ವಿಕಿಪೀಡಿಯದಲ್ಲಿ ಬೆಂಗಳೂರಿನ ಹೊರವಲಯ

ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶ ವಿಕಿಪೀಡಿಯ. ಇಂಗ್ಲಿಷಿನಲ್ಲಿ ಅದು 2001ರ ಜನವರಿಯಲ್ಲಿ ಆರಂಭವಾಯಿತು. ಕನ್ನಡ ಆವೃತ್ತಿ ಬಂದದ್ದು 2003ರಲ್ಲಿ. ಬರೆಯುವ ಸ್ವಯಂಸೇವಕರಿಗೆ ಸಂಭಾವನೆಯಿಲ್ಲ, ಓದುವವರಿಗೆ ಶುಲ್ಕವಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ 14 ಸಂಪುಟಗಳು ಪೂರ್ಣಗೊಳ್ಳಲು ಮೂರು ದಶಕಗಳಿಗೂ ಹೆಚ್ಚು ಕಾಲ ಬೇಕಾಯಿತು. ಮುದ್ರಿತ ಸಂಪುಟದಲ್ಲಿ ತಪ್ಪು ಕಂಡರೆ ಮರುಮುದ್ರಣದವರೆಗೆ ಕಾಯಬೇಕು. ವಿಕಿಪೀಡಿಯದಲ್ಲಿ ಕಂಡ ಕೂಡಲೇ ತಿದ್ದಬಹುದು. ದಿನದಿಂದ ದಿನಕ್ಕೆ ಬದಲಾಗುವ ನಗರವನ್ನು ದಾಖಲಿಸಲು ಇದಕ್ಕಿಂತ ಒಳ್ಳೆಯ ಸಾಧನ ಇರಲಾರದು ಎಂದು ನಿಮಗೆ ಅನ್ನಿಸಬಹುದು.

ಹಾಗಾದರೆ ಬೆಂಗಳೂರಿನಲ್ಲಿ ಅತಿ ವೇಗವಾಗಿ ಬದಲಾದ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಚರಿತ್ರೆ ಅಲ್ಲಿ ಹೇಗೆ ದಾಖಲಾಗುತ್ತಿದೆ? ಇದನ್ನು ನೋಡುವ ಮೊದಲು ವಿಕಿಪೀಡಿಯದ ಎರಡು ನಿಯಮಗಳನ್ನು ತಿಳಿಯಬೇಕು. ಒಂದು, ಬರೆದ ಪ್ರತಿಯೊಂದು ಮಾತಿಗೂ ಪ್ರಕಟಿತ ಆಧಾರ ಇರಬೇಕು. ಎರಡು, ಬರೆಯುವವರು ತಮ್ಮದೇ ಹೊಸ ಸಂಶೋಧನೆಯನ್ನು ಅಲ್ಲಿ ಮಂಡಿಸುವಂತಿಲ್ಲ. ಎರಡೂ ಒಳ್ಳೆಯ ನಿಯಮಗಳೇ. ತೊಂದರೆ ಇರುವುದು ಅವುಗಳನ್ನು ಪಾಲಿಸುವ ರೀತಿಯಲ್ಲಿ.

ಪೀಣ್ಯ: ಹುಟ್ಟಿದ್ದು ಯಾವಾಗ?

ಪೀಣ್ಯ ಕೈಗಾರಿಕಾ ಪ್ರದೇಶ 1970ರ ದಶಕದ ಕೊನೆಯಲ್ಲಿ ಸ್ಥಾಪನೆಯಾಯಿತು ಎಂಬ ಮಾತು ಹಲವು ಕಡೆ ಓದಲು ಸಿಗುತ್ತದೆ. ಈಗ ಇನ್ನೊಂದು ಸಂಗತಿ ನೋಡಿ. ಭಾರತದ ಮೊದಲ ಉಪಗ್ರಹ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಮೂಲಕ ಕಕ್ಷೆ ಸೇರಿತು. ಸುಮಾರು 360 ಕಿಲೋಗ್ರಾಂ ತೂಕದ ಆ ಉಪಗ್ರಹವನ್ನು ಪ್ರೊಫೆಸರ್ ಯು.ಆರ್. ರಾವ್ ಅವರ ತಂಡ ಸಿದ್ಧಪಡಿಸಿದ್ದು ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ. ಆ ಕೆಲಸ ಶುರುವಾದದ್ದು 1972ರಲ್ಲಿ. ದಶಕದ ಕೊನೆಯಲ್ಲಿ ಹುಟ್ಟಿದ ಪ್ರದೇಶದಲ್ಲಿ ದಶಕದ ಆರಂಭದಲ್ಲೇ ಶೆಡ್‌ಗಳು ಬಂದದ್ದು ಹೇಗೆ?

ಎರಡೂ ಮಾತು ನಿಜವಾಗಿರಲು ಸಾಧ್ಯ. ಕೈಗಾರಿಕಾ ಪ್ರದೇಶವೊಂದು ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ಮೊದಲು ಕೆಲವು ಶೆಡ್‌ಗಳಿದ್ದು, ಅನಂತರ ಸುತ್ತಲಿನ ಜಮೀನು ಹಂತ ಹಂತವಾಗಿ ಸೇರಿಕೊಂಡಿರಬಹುದು. ಹಾಗಿದ್ದರೆ 'ಸ್ಥಾಪನೆ' ಎಂಬ ಒಂದೇ ಪದಕ್ಕೆ ಒಂದೇ ಇಸವಿ ಕೊಡುವುದು ಸರಿಯಲ್ಲ. ಯಾವ ಹಂತದ ಇಸವಿ ಎಂದು ಹೇಳಬೇಕು. 'ಏಷ್ಯಾದ ಅತಿ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದು' ಎಂಬ ಮಾತಿಗೂ ಇದೇ ಆಕ್ಷೇಪ. ದೊಡ್ಡದು ಯಾವುದರಲ್ಲಿ? ವಿಸ್ತೀರ್ಣದಲ್ಲೋ, ಘಟಕಗಳ ಸಂಖ್ಯೆಯಲ್ಲೋ, ಕಾರ್ಮಿಕರ ಸಂಖ್ಯೆಯಲ್ಲೋ? ಏಕಮಾನವಿಲ್ಲದ ಅಳತೆಯನ್ನು ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ನೀವು ಒಪ್ಪುವುದಿಲ್ಲ. ವಿಶ್ವಕೋಶದಲ್ಲಿ ಏಕೆ ಒಪ್ಪಬೇಕು?

ವೈಟ್‌ಫೀಲ್ಡ್: ಪ್ರೇಮಕಥೆ ಮತ್ತು ಕೆರೆ

ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ-ಇಂಡಿಯನ್ ಕೃಷಿಕರ ನೆಲೆಯಾಗಿ ಆರಂಭವಾಯಿತು. ಮೈಸೂರು ಮಹಾರಾಜ ಚಾಮರಾಜ ಒಡೆಯರು ಇದಕ್ಕಾಗಿ ಸುಮಾರು 3,900 ಎಕರೆ ಭೂಮಿ ಕೊಟ್ಟರು. ಡಿ.ಎಸ್. ವೈಟ್ ಅವರಿಂದ ಊರಿಗೆ ಈ ಹೆಸರು. ಆದರೆ ಊರಿನ ಬಗ್ಗೆ ಹೆಚ್ಚು ಪ್ರಚಾರದಲ್ಲಿರುವುದು ಬೇರೊಂದು ಕಥೆ. ವಿನ್‌ಸ್ಟನ್ ಚರ್ಚಿಲ್ ಇಲ್ಲಿನ ವೇವರ್ಲಿ ಇನ್‌ಗೆ ಬರುತ್ತಿದ್ದರಂತೆ, ಮಾಲೀಕರ ಮಗಳನ್ನು ಪ್ರೀತಿಸಿದ್ದರಂತೆ. ಚರ್ಚಿಲ್ 1896ರಲ್ಲಿ ಸೇನಾಧಿಕಾರಿಯಾಗಿ ಬೆಂಗಳೂರಿಗೆ ಬಂದದ್ದು ನಿಜ. ಉಳಿದದ್ದು ಬಾಯಿಂದ ಬಾಯಿಗೆ ಬಂದ ಮಾತು. ಪತ್ರಿಕೆಗಳು ಅದನ್ನು ಮತ್ತೆ ಮತ್ತೆ ಬರೆದಿವೆ, ವಿಶ್ವಕೋಶವೂ ಎತ್ತಿಕೊಂಡಿದೆ.

ಇಲ್ಲಿಯೇ ನನ್ನ ಮುಖ್ಯ ಆಕ್ಷೇಪ. ಹತ್ತು ಪತ್ರಿಕೆಗಳು ಒಂದೇ ಕಥೆಯನ್ನು ಒಂದರಿಂದೊಂದು ನಕಲು ಮಾಡಿದರೆ ಅವು ಹತ್ತು ಆಧಾರಗಳಲ್ಲ, ಒಂದೇ ಆಧಾರ. ತುದಿ ಸವೆದ ಒಂದೇ ಅಳತೆಪಟ್ಟಿಯಿಂದ ಹತ್ತು ಸಲ ಅಳೆದು ಸರಾಸರಿ ತೆಗೆದರೆ ದೋಷ ಕಡಿಮೆಯಾಗುತ್ತದೆಯೆ? ಇಲ್ಲ. ಆಧಾರಗಳು ಎಷ್ಟು ಎನ್ನುವುದಕ್ಕಿಂತ ಅವು ಪರಸ್ಪರ ಸ್ವತಂತ್ರವೆ ಎನ್ನುವುದು ಮುಖ್ಯ. ಪತ್ರಿಕೆ ವಿಕಿಪೀಡಿಯವನ್ನು ನೋಡಿ ಬರೆದು, ಆಮೇಲೆ ವಿಕಿಪೀಡಿಯ ಅದೇ ಪತ್ರಿಕೆಯನ್ನು ಆಧಾರವಾಗಿ ತೋರಿಸುವ ಅಪಾಯವೂ ಇದೆ.

ಅದೇ ವೈಟ್‌ಫೀಲ್ಡ್ ಪಕ್ಕದ ಕಾಡುಗೋಡಿಯಲ್ಲಿ ರಾಜೇಂದ್ರ ಚೋಳನ ಕಾಲದ, 1043ರ ತಮಿಳು ಶಾಸನವಿದೆ. ಪಟ್ಟಂದೂರಿನ ಕೆರೆ ಕಟ್ಟಿಸಿ ತೂಬು ಇಡಿಸಿದ ವಿಷಯ ಅದರಲ್ಲಿದೆ. ಈಗ ತಂತ್ರಜ್ಞಾನ ಪಾರ್ಕ್ ಇರುವ ಜಾಗದ ಹಳ್ಳಿ ಪಟ್ಟಂದೂರು ಅಗ್ರಹಾರ; 2023ರಲ್ಲಿ ಆರಂಭವಾದ ಮೆಟ್ರೊ ನಿಲ್ದಾಣದ ಫಲಕದಲ್ಲಿ ಆ ಹೆಸರು ಉಳಿದಿದೆ. ಪ್ರೇಮಕಥೆ ಕೇಳಿದ ಎಷ್ಟು ಜನ ಈ ಕೆರೆಯ ಕಥೆ ಕೇಳಿದ್ದಾರೆ?

ಎಲೆಕ್ಟ್ರಾನಿಕ್ ಸಿಟಿ: ಬೇಗೂರಿನ ಪಾಠ

ಕಿಯೋನಿಕ್ಸ್ ಸಂಸ್ಥೆಯ ಮೊದಲ ಅಧ್ಯಕ್ಷ ಆರ್.ಕೆ. ಬಾಳಿಗಾ ಅವರ ಕಲ್ಪನೆಯಂತೆ 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ರೂಪುಗೊಂಡಿತು. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಬೇಗೂರಿನಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲು ಶಾಸನವಿದೆ. ಬೆಂಗಳೂರಿನ ಕಾಳಗದ ಪ್ರಸ್ತಾಪ ಅದರಲ್ಲಿದೆ. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಊರಿಗೆ ಬೆಂಗಳೂರು ಎಂಬ ಹೆಸರು ಬಂತೆಂಬ ಕಥೆಗೆ ಮುನ್ನೂರು ವರ್ಷ ಮೊದಲೇ ಆ ಹೆಸರು ಇತ್ತೆಂದು ಒಂದೇ ಕಲ್ಲು ತೋರಿಸಿಕೊಡುತ್ತದೆ. ನೂರು ಬಾರಿ ಮುದ್ರಣವಾದ ಕಥೆಗಿಂತ ಒಂದು ಮೂಲ ದಾಖಲೆ ಹೆಚ್ಚು ತೂಕದ್ದು ಎನ್ನಲು ಇದಕ್ಕಿಂತ ಉದಾಹರಣೆ ಬೇಕೆ?

ಕನ್ನಡದ ಕೊರತೆ

ಕನ್ನಡ ಪುಟಗಳಿಗೆ ಇನ್ನೊಂದು ಸಮಸ್ಯೆ ಇದೆ. 2009ರ ನಂತರ ಕೆಲಕಾಲ ಗೂಗಲ್ ಸಂಸ್ಥೆ ತನ್ನ ಅನುವಾದ ಸಾಧನ ಬಳಸಿ, ಹಣ ಕೊಟ್ಟು, ಇಂಗ್ಲಿಷ್ ಲೇಖನಗಳನ್ನು ಕನ್ನಡವೂ ಸೇರಿ ಹಲವು ಭಾಷೆಗಳಿಗೆ ಮಾಡಿಸಿತು. ಗಾತ್ರ ಬೆಳೆಯಿತು, ಭಾಷೆ ತೊಡಕಾಯಿತು. ವಿಷಯಗಳ ಆಯ್ಕೆಯೂ ಕನ್ನಡ ಓದುಗರದ್ದಾಗಿರಲಿಲ್ಲ. ಅನುವಾದದಲ್ಲಿ ಮೂಲದ ತಪ್ಪೂ ಜೊತೆಗೇ ಬರುತ್ತದೆ, ಮೂಲದಲ್ಲಿ ಇಲ್ಲದ್ದು ಕನ್ನಡದಲ್ಲೂ ಇರುವುದಿಲ್ಲ. ಪೀಣ್ಯದ ಟೂಲ್‌ರೂಮಿನಲ್ಲಿ ಮೂವತ್ತು ವರ್ಷ ಲೇತ್ ನಡೆಸಿದ ಕಾರ್ಮಿಕರ ಅನುಭವ ಎಲ್ಲಿಯೂ ಅಚ್ಚಾಗದಿದ್ದರೆ ನಿಯಮದ ಪ್ರಕಾರ ಅದಕ್ಕೆ ವಿಶ್ವಕೋಶದಲ್ಲಿ ಜಾಗವಿಲ್ಲ. ಕಂಪನಿಯ ಪ್ರಚಾರ ಮಾತ್ರ ಪತ್ರಿಕೆಯಲ್ಲಿ ಬಂದಿದ್ದರೆ ಅದಕ್ಕೆ ಜಾಗವಿದೆ. ಆಧಾರದ ನಿಯಮ ಹೀಗೆ, ತನಗೆ ತಿಳಿಯದೆಯೇ, ಉಳ್ಳವರ ಪರ ವಾಲುತ್ತದೆ.

ಇದಕ್ಕೆ ಪರಿಹಾರ ನಿಯಮವನ್ನು ಮುರಿಯುವುದಲ್ಲ, ಆಧಾರಗಳನ್ನು ಹೆಚ್ಚಿಸುವುದು. ಇದು ಅಧ್ಯಾಪಕರಿಂದ, ವಿದ್ಯಾರ್ಥಿಗಳಿಂದ ಆಗುವ ಕೆಲಸ. ನೀವೇ ತೆಗೆದ ಚಿತ್ರವನ್ನು ವಿಕಿಪೀಡಿಯ ಒಪ್ಪುತ್ತದೆ. ಕಟ್ಟಡಗಳನ್ನು, ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿರುವ ಶಿಲ್ಪಗಳನ್ನು ಚಿತ್ರ ತೆಗೆದು ಪ್ರಕಟಿಸಲು 1957ರ ಕೃತಿಸ್ವಾಮ್ಯ ಕಾಯಿದೆ ಅವಕಾಶ ಕೊಡುತ್ತದೆ. ಊರಿನ ಕೆರೆ, ವೀರಗಲ್ಲು, ಹಳೆಯ ಶೆಡ್ಡಿನ ಚಿತ್ರದ ಜೊತೆ ಅಕ್ಷಾಂಶ, ರೇಖಾಂಶ, ದಿನಾಂಕ ಸೇರಿಸಿ. 'ಎಪಿಗ್ರಾಫಿಯಾ ಕರ್ನಾಟಿಕಾ'ದ ಬೆಂಗಳೂರು ಜಿಲ್ಲೆಯ ಸಂಪುಟದಲ್ಲಿ ನಿಮ್ಮ ಊರನ್ನು ಹುಡುಕಿ. ಹಿರಿಯ ಕಾರ್ಮಿಕರನ್ನು ಕಂಡು, ಅವರು ಹೇಳಿದ್ದನ್ನು ಬೇರೆ ದಾಖಲೆಗಳ ಜೊತೆ ಹೋಲಿಸಿ, ಲೇಖನ ಬರೆದು ಪತ್ರಿಕೆಗಳಿಗೆ ಕಳುಹಿಸಿ. ಅಚ್ಚಾದದ್ದನ್ನು ನಾಳೆ ಇನ್ನೊಬ್ಬರು ಆಧಾರವಾಗಿ ಬಳಸಬಹುದು.

ಪ್ರತಿ ಪುಟದ ಜೊತೆಗೂ ಚರ್ಚಾಪುಟ, ತಿದ್ದುಪಡಿಗಳ ಇತಿಹಾಸ ಇರುವುದನ್ನು ಮರೆಯಬೇಡಿ. ಯಾರು, ಯಾವಾಗ, ಏನು ಬದಲಿಸಿದರು ಎಂಬುದು ಅಲ್ಲಿ ತೆರೆದಿಟ್ಟ ಪ್ರಯೋಗಪುಸ್ತಕದಂತೆ ಕಾಣುತ್ತದೆ. ನಿಮ್ಮ ತರಗತಿಯಲ್ಲಿ ಪೀಣ್ಯದ ಪುಟವನ್ನು ತೆಗೆಯಿಸಿ, ಅದರಲ್ಲಿನ ಒಂದೊಂದು ಇಸವಿಗೂ ಮೂಲ ಯಾವುದು ಎಂದು ಮಕ್ಕಳಿಂದ ಹುಡುಕಿಸಿ. ಸಿಗದಿದ್ದ ಕಡೆ ಚರ್ಚಾಪುಟದಲ್ಲಿ ಪ್ರಶ್ನೆ ಬರೆಯಿಸಿ. ಒಂದು ಅವಧಿಯ ಪಾಠಕ್ಕೆ ಇಷ್ಟು ಸಾಕು.