ಕಲ್ಪಿತಲೋಕಗಳಲ್ಲಿ ಅವಧಾನ: ಒಂದು ವಿಮರ್ಶೆ

ದೂರದೂರದ ಊರುಗಳಲ್ಲಿ ಕುಳಿತ ಜನರು ಗಣಕಯಂತ್ರಗಳ ಮೂಲಕ ಒಂದೇ ಕಲ್ಪಿತಲೋಕದಲ್ಲಿ ಕಲೆತು ಸಂಚರಿಸುವುದು ಈಗ ಸರ್ವವಿದಿತವಾಗಿದೆ. ಅಲ್ಲಿ ಒಬ್ಬನ ಚಲನವು ಇತರರಿಗೆ ಗೋಚರಿಸಬೇಕಾದರೆ ಅದರ ವಾರ್ತೆಯು ಜಾಲದ ಮೂಲಕ ಅವರೆಲ್ಲರ ಯಂತ್ರಗಳನ್ನೂ ಮುಟ್ಟಬೇಕು. 900 ಮಂದಿ ಸೇರಿದಲ್ಲಿ ಪ್ರತಿಯೊಬ್ಬನೂ ಉಳಿದ 899 ಮಂದಿಗೆ ವಾರ್ತೆಯನ್ನು ಕಳುಹಬೇಕಾಗಿ, ಒಂದು ಸುತ್ತಿಗೆ 8,09,100 ವಾರ್ತೆಗಳಾಗುವುವು. ಸೆಕೆಂಡಿಗೆ 20 ಸುತ್ತುಗಳೆಂದರೆ ಆ ಭಾರವು ಎಷ್ಟೆಂಬುದನ್ನು ಊಹಿಸಬಹುದು.

ಈ ಭಾರವನ್ನಿಳಿಸಲು ಅಶ್ವಿನ್ ಭರಂಬೆ, ಜಾನ್ ಡೌಸರ್ ಮೊದಲಾದವರು 2008ರಲ್ಲಿ ಪ್ರಕಟಿಸಿದ ‘ಡಾನಿಬ್ರೂಕ್’ ಎಂಬ ಪದ್ಧತಿಯು ಮನುಷ್ಯನ ಅವಧಾನವನ್ನೇ ಆಶ್ರಯಿಸಿತು. ಮನುಷ್ಯನು ಏಕಕಾಲದಲ್ಲಿ ಕೆಲವೇ ವಸ್ತುಗಳನ್ನು ಲಕ್ಷಿಸಬಲ್ಲನಾದುದರಿಂದ, ಅವನ ಲಕ್ಷ್ಯದಲ್ಲಿರುವ ಐವರ ವಾರ್ತೆಯನ್ನು ಮಾತ್ರ ಎಡೆಬಿಡದೆ ತರಿಸಿ, ಉಳಿದವರ ವಾರ್ತೆಯನ್ನು ಸೆಕೆಂಡಿಗೊಮ್ಮೆ ತರಿಸಿದರೆ ಸಾಕೆಂಬುದು ಅದರ ಮತ. ಆ ನಡುವಿನ ಅವಕಾಶದಲ್ಲಿ ಉಳಿದವರ ಸ್ಥಾನದಲ್ಲಿ ಯಂತ್ರವೇ ನಡೆಯಿಸುವ ಛಾಯಾಮೂರ್ತಿಗಳು ಸಂಚರಿಸುವುವು. ಆ ಐವರು ಯಾರೆಂಬುದನ್ನು ಸಾಮೀಪ್ಯ, ಗುರಿಯ ದಿಕ್ಕು, ಇತ್ತೀಚಿನ ವ್ಯವಹಾರ ಎಂಬ ಮೂರು ಲಿಂಗಗಳಿಂದ ಅನುಮಾನಿಸಲಾಗುತ್ತದೆ.

ಮೂಲತತ್ತ್ವವು ನಿರ್ದುಷ್ಟವಾದುದು. ಜ್ಞಾನಗಳು ಏಕಕಾಲದಲ್ಲಿ ಹುಟ್ಟದಿರುವುದನ್ನೇ ಮನಸ್ಸಿಗೆ ಲಿಂಗವೆಂದು ಗೌತಮನ ನ್ಯಾಯಸೂತ್ರವು ಗ್ರಹಿಸಿದೆ. ಅಷ್ಟಾವಧಾನಿಯೂ ಪೃಚ್ಛಕರನ್ನು ಸರದಿಯಂತೆಯೇ ಎದುರಿಸುವನು. ಸೈಮನ್ಸ್, ಷಾಬ್ರಿಸ್ ಎಂಬವರ 1999ರ ಪ್ರಯೋಗದಲ್ಲಿ ಚೆಂಡಾಟವನ್ನೆಣಿಸುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ, ನಡುವೆ ನಡೆದುಹೋದ ಗೊರಿಲ್ಲವೇಷವನ್ನೇ ಕಾಣಲಿಲ್ಲ.

ಆದರೆ ಆ ಮೂರು ಲಿಂಗಗಳಲ್ಲಿ ಅವ್ಯಾಪ್ತಿದೋಷವುಂಟು. ದೂರದಲ್ಲಿ, ಗುರಿಯ ಹೊರಗೆ, ಪರಿಚಯವಿಲ್ಲದವನೊಬ್ಬನು ಹಠಾತ್ತನೆ ಜಿಗಿದರೆ ಕಣ್ಣು ಸಹಜವಾಗಿಯೇ ಅತ್ತ ಸೆಳೆಯಲ್ಪಡುವುದು. ಅಂಚಿನ ದೃಷ್ಟಿಯು ಚಲನವನ್ನು ಚೆನ್ನಾಗಿ ಗ್ರಹಿಸುವಂತಹುದು. ಇಲ್ಲಿಯಾದರೋ ಆ ಜಿಗಿತದ ವಾರ್ತೆಯೇ ತತ್‌ಕ್ಷಣದಲ್ಲಿ ಬಂದಿರುವುದಿಲ್ಲ. ವಾರ್ತೆ ಬರಲು ಅವಧಾನವು ಬೇಕು, ಅವಧಾನವು ಹುಟ್ಟಲು ವಾರ್ತೆ ಬೇಕು: ಇದು ಅನ್ಯೋನ್ಯಾಶ್ರಯ. ಸೆಕೆಂಡಿಗೊಮ್ಮೆ ಬರುವ ವಾರ್ತೆಯಿಂದ ಪರಿಹಾರವಾಯಿತೆನ್ನುವುದಾದರೆ, ಶೀಘ್ರವಾದ ಯುದ್ಧಕ್ರೀಡೆಯಲ್ಲಿ ಒಂದು ಸೆಕೆಂಡು ಅಲ್ಪಕಾಲವಲ್ಲ. ಮೇಲಾಗಿ ಛಾಯಾಮೂರ್ತಿಯು ತಾನೇ ಕಲ್ಪಿಸಿದ ಚಲನದಿಂದ ಕಣ್ಣನ್ನು ವೃಥಾ ಸೆಳೆಯಲೂಬಹುದು.

ಬೆನ್‌ಫೋರ್ಡ್, ಫಾಲೆನ್ ಎಂಬವರು 1993ರಲ್ಲಿಯೇ ಈ ವಿಷಯದಲ್ಲಿ ಸೂಕ್ಷ್ಮತರವಾದ ದೃಷ್ಟಿಯನ್ನು ತೋರಿದ್ದರು. ನೋಡುವವನ ‘ಫೋಕಸ್’ ಒಂದು, ನೋಡಲ್ಪಡುವವನು ತನ್ನ ಸುತ್ತ ಬೀರುವ ‘ನಿಂಬಸ್’ ಮತ್ತೊಂದು. ಇವೆರಡರಿಂದ ಅರಿವಿನ ಪ್ರಮಾಣವು ನಿರ್ಣಯಿಸಲ್ಪಡುವುದೆಂದು ಅವರ ಸಿದ್ಧಾಂತ. ತನ್ನನ್ನು ಲಕ್ಷಿಸೆಂದು ಕೋರುವ ಅಧಿಕಾರವು ಇದರಲ್ಲಿ ದೃಶ್ಯಕ್ಕೂ ಸಲ್ಲುತ್ತದೆ. ಜಿಗಿದವನ ನಿಂಬಸ್ಸು ಆ ಕ್ಷಣಕ್ಕೆ ಹಿಗ್ಗಿದರೆ ವಾರ್ತೆಯು ತಾನಾಗಿಯೇ ಮುಂದಾಗಿ ಹೊರಡುವುದು. ಅನ್ಯೋನ್ಯಾಶ್ರಯವು ಅಲ್ಲಿಗೆ ಕಡಿಯುವುದು.

ಇದು ಕೇವಲ ಕ್ರೀಡೆಯ ಮಾತಲ್ಲ. ಪಾಠಶಾಲೆಯೋ ಸಭೆಯೋ ಇಂತಹ ಲೋಕದಲ್ಲಿ ನಡೆದಾಗ, ಹಿಂದಿನ ಸಾಲಿನಲ್ಲಿ ಕೈಯೆತ್ತಿದವನು ಗುರುವಿನ ಯಂತ್ರದಲ್ಲಿ ಕೈಕಟ್ಟಿ ಕುಳಿತ ಛಾಯೆಯಾಗಿಯೇ ಉಳಿದರೆ, ಅವನು ಉಪೇಕ್ಷಿತನಾದುದಲ್ಲ; ಉಪೇಕ್ಷಿಸಲ್ಪಡುವುದಕ್ಕೂ ಅವಕಾಶವಿಲ್ಲದವನಾದನು. ಆದುದರಿಂದ ಮಿತವ್ಯಯಕ್ಕಾಗಿ ಫೋಕಸ್ಸನ್ನು ಸ್ವೀಕರಿಸುವವರು ನಿಂಬಸ್ಸನ್ನೂ ಕೈಬಿಡದಿರುವುದು ಯುಕ್ತವು.